ಹನ್ನೆರಡನೇ ನಂಬರಿನ ಖಾಲಿ ಗೂಡು

ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ಐದಾದರೂ ಬಿಡುವ ಲಕ್ಷಣ ಕಾಣಲಿಲ್ಲ. ಗ್ಯಾರೇಜಿನ ತಗಡಿನ ಮಾಡಿನ ಮೇಲೆ ಅದು ಸುರಿಯುತ್ತಿದ್ದ ರಭಸಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಕೆಲಸ ಹೇಳುವವರು ಕಿರುಚುತ್ತಿದ್ದರು, ಕೆಲಸ ಮಾಡಬೇಕಾದವರು ಮಳೆಯ ನೆಪದಲ್ಲಿ ಕಿವುಡರಾಗಿದ್ದರು. ಅಷ್ಟರಲ್ಲಿ ಕರೆಂಟೂ ಹೋಯಿತು. ಲಿಫ್ಟಿನ ಮೇಲೆ ಏರುತ್ತಿದ್ದ ಕಾರು ಎದೆಯೆತ್ತರಕ್ಕೆ ಬಂದು ಅಲ್ಲೇ ನಿಂತಿತು. ಇನ್ನು ಮಾಡುವುದಕ್ಕೆ ಕೆಲಸವೂ ಇಲ್ಲ, ಮನೆಗೆ ಹೋಗುವುದಕ್ಕೆ ದಾರಿಯೂ ಇಲ್ಲ ಎಂದಾದ ಮೇಲೆ ಒಬ್ಬೊಬ್ಬರೇ ಬಂದು ಹಿಂದಿನ ಬೆಂಚಿನ ಸುತ್ತ ಹಳೆಯ ಟೈರುಗಳ ಮೇಲೆ ಕೂತರು.

ಹೊಸಬಳು ಮೊದಲೇ ಅಲ್ಲಿದ್ದಳು. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಆದರೆ ಈ ಗ್ಯಾರೇಜಿನಲ್ಲಿ ಹೆಸರುಗಳು ಗೇಟಿನಾಚೆಯೇ ಉಳಿಯುತ್ತಿದ್ದವು. ಕೆಲಸಕ್ಕೆ ಸೇರಿ ಒಂಬತ್ತು ದಿನವಾಗಿತ್ತು. ಅವಳ ಹಿಂದೆ ಇನ್ನೊಬ್ಬರು ಸೇರುವ ತನಕ ಅವಳು ಹೊಸಬಳೇ. ಅವಳೆದುರು ಬೆಂಚಿನ ಮೇಲೆ ಒಂದು ಹಳೆಯ ಕಬ್ಬಿಣದ ಟೂಲ್ ಬಾಕ್ಸು ಬಾಯಿ ತೆರೆದು ಕೂತಿತ್ತು. ನಿನ್ನೆ ಸಂಜೆ ದೊಡ್ಡ ಮೇಸ್ತ್ರಿಗಳ ಮನೆಗೆ ಹೋಗಿ ಕೊಂಡು ತಂದದ್ದು.

ಇಲ್ಲಿ ಪ್ರತಿ ಮೆಕ್ಯಾನಿಕ್ಕೂ ತನ್ನ ಸಾಮಾನು ತಾನೇ ತರಬೇಕು. ಮೊದಲ ವಾರವೆಲ್ಲ ಅವಳು ಅವರಿವರ ಹತ್ತಿರ ಸ್ಪ್ಯಾನರ್ ಕೇಳಿ ಕೇಳಿ, ಅವಳು ಎದ್ದು ನಿಂತರೆ ಸಾಕು, ಜನ ತಮ್ಮ ಬಾಕ್ಸಿನ ಮುಚ್ಚಳ ಹಾಕಿಕೊಳ್ಳುವಂತಾಗಿತ್ತು. ಹೊಸ ಸೆಟ್ಟಿನ ಬೆಲೆ ವಿಚಾರಿಸಿಕೊಂಡು ಬಂದ ದಿನ ಅದು ತನ್ನ ಕೈಗೆ ಮೀರಿದ್ದು ಎಂದು ಅವಳಿಗೆ ಗೊತ್ತಾಗಿತ್ತು. ಆಗ, ತಿಂಗಳ ಕೊನೆಗೆ ಕೆಲಸ ಬಿಡಲಿದ್ದ ದೊಡ್ಡ ಮೇಸ್ತ್ರಿಗಳೇ ಕರೆದು, "ನಂದನ್ನ ತಗೋ ಮಗಳೇ, ನನಗಿನ್ಯಾಕೆ" ಎಂದಿದ್ದರು.

ದೊಡ್ಡ ಮೇಸ್ತ್ರಿಗಳೆಂದರೆ ಆ ಗ್ಯಾರೇಜಿನಲ್ಲೇ ಅತಿ ಗಿಡ್ಡ ಮನುಷ್ಯ. ಸಣ್ಣ ಕಾರಿನ ಬಾನೆಟ್ಟಿನೊಳಗೆ ಬಗ್ಗುವುದಕ್ಕೂ ಅವರಿಗೆ ಸ್ಟೂಲು ಬೇಕು. ಆ ಮರದ ಸ್ಟೂಲನ್ನು ಯಾರಾದರೂ ಮುಟ್ಟಿದರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. ಉಳಿದಂತೆ ಎಪ್ಪತ್ತು ದಾಟಿದ ಮೇಲೂ ಮಾತಿನಲ್ಲಿ ಯಾರಿಗೂ ಸೋಲುವವರಲ್ಲ. ದಿನವೂ ಐದೂವರೆ ಆಗುತ್ತಲೇ ಬಾಕ್ಸು ಎತ್ತಿಕೊಂಡು ಮನೆ ಸೇರುವುದು ಅವರ ಹಳೆಯ ಅಭ್ಯಾಸ.

ಬಾಕ್ಸಿನೊಳಗೆ ಒಂದು ಮರದ ಹಲಗೆ, ಹಲಗೆಯಲ್ಲಿ ಒಂದೊಂದು ಸಾಮಾನಿಗೂ ಅದರದೇ ಆಕಾರದಲ್ಲಿ ಕೊರೆದ ಗೂಡು. ಗೂಡು ಇಪ್ಪತ್ತಮೂರು, ಸಾಮಾನು ಇಪ್ಪತ್ತೆರಡು. ನಿನ್ನೆ ಅವಳು ಎರಡೆರಡು ಸಲ ಎಣಿಸಿಯೇ ಕೊಂಡಿದ್ದಳು. ಹನ್ನೆರಡನೇ ನಂಬರ್ ಸ್ಪ್ಯಾನರಿನ ಗೂಡು ಮಾತ್ರ ಖಾಲಿಯಿತ್ತು.

"ಏನಮ್ಮ, ಹಲ್ಲು ಬಿದ್ದ ಬಾಯಿ ಕೊಂಡ್ಕೊಂಡು ಬಂದಿದೀಯ" ಎಂದು ಪೇಂಟರ್ ಬಗ್ಗಿ ನೋಡಿ ನಕ್ಕ. ಅವನ ಪಕ್ಕದ ಟೈರಿನ ಮೇಲೆ ಶಾಲೆಯ ವ್ಯಾನಿನ ಡ್ರೈವರ್ ಕೂತಿದ್ದ. ಅವನ ವ್ಯಾನು ಹೊಸಬಳು ಒಬ್ಬಳೇ ಮಾಡಿದ ಮೊದಲ ಕೆಲಸ. ಬ್ಯಾಟರಿ ಬದಲಾಯಿಸಿ, ಬೆಲ್ಟು ಬಿಗಿ ಮಾಡಿ, ಅವಳು ಇನ್ನೊಮ್ಮೆ ನೋಡಬೇಕು ಎನ್ನುವಷ್ಟರಲ್ಲಿ ಮಳೆ ಮೈಮೇಲೆ ಬಂದಿತ್ತು. ಬಾನೆಟ್ಟು ಮುಚ್ಚಿ ಒಳಗೆ ಓಡಿ ಬಂದಿದ್ದಳು. "ಇದೊಂದು ಸರಿಯಾಗಿ ಮಾಡು, ತಿಂಗಳಾದ ಮೇಲೂ ನಿನ್ನನ್ನ ಇಟ್ಕೊಳ್ಳೋಣ" ಎಂದು ಓನರು ಬೆಳಿಗ್ಗೆ ಹೇಳಿದ್ದು ಅವಳ ಕಿವಿಯಲ್ಲಿ ಇನ್ನೂ ಗುಂಯ್ಗುಡುತ್ತಿತ್ತು. ಆ ಕೆಲಸ ಅವಳಿಗೆ ಬೇಕೇ ಬೇಕಿತ್ತು.

"ಅಜ್ಜ, ನಿನ್ನೆ ಕೇಳಿದ್ರೆ ನಾಳೆ ಹೇಳ್ತೀನಿ ಅಂದ್ರಿ. ಹನ್ನೆರಡನೇ ನಂಬರ್ ಎಲ್ಲಿ?"

ಮೇಸ್ತ್ರಿಗಳು ಸ್ಟೂಲನ್ನು ಎಳೆದುಕೊಂಡು ಕೂತು, ಗೋಡೆಯ ಗಡಿಯಾರ ನೋಡಿದರು. ಐದೂ ಹತ್ತು.

"ಆರರೊಳಗೆ ಹೇಳಿ ಮುಗಿಸ್ಬೇಕು" ಎಂದರು.

"ಯಾಕೆ, ಅಜ್ಜಿ ಬೈತಾರಾ?" ಎಂದ ಪೇಂಟರ್.

"ಆರಕ್ಕೆ ಅವರು ಬರ್ತಾರೆ" ಎಂದು ಅವರು ಬೀಡಿ ಹಚ್ಚಿದರು. ಎಲ್ಲರೂ ಟೈರುಗಳನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.

"ಸೆಕೆಂಡ್ ಹ್ಯಾಂಡ್ ಸಾಮಾನು ಕೊಳ್ಳೋವಾಗ ಏನೇನು ನೋಡ್ತೀರಿ ಹೇಳಿ? ಸ್ಪ್ಯಾನರ್ ಬಾಯಿ ಅಗಲ ಆಗಿದೆಯಾ ನೋಡ್ತೀರಿ, ಪ್ಲೇಯರ್ ಹಲ್ಲು ಸವೆದಿದೆಯಾ ನೋಡ್ತೀರಿ, ಸುತ್ತಿಗೆ ತಲೆ ಅಲ್ಲಾಡತ್ತಾ ಅಂತ ಕಿವಿ ಹತ್ರ ಹಿಡ್ಕೊಂಡು ಅಲ್ಲಾಡಿಸ್ತೀರಿ. ಸರಿ. ಆದ್ರೆ ಹಿಡಿ ಇದೆಯಲ್ಲ... ಹಿಡಿ... ಅದನ್ನ ಇನ್ನೂ ಯಾರಾದ್ರೂ ಹಿಡ್ಕೊಂಡಿದಾರಾ ಅಂತ ನೋಡ್ತೀರಾ? ನೋಡಲ್ಲ. ಅವನೂ ನೋಡ್ಲಿಲ್ಲ.

"ಅವನು ಅಂದ್ರೆ ಒಬ್ಬ. ಹೆಸರು ನಿಮಗ್ಯಾಕೆ? ಹೊಸ ಮೆಕ್ಯಾನಿಕ್ಕು. ನೋಡೋಕೆ ಲಕ್ಷಣವಾಗಿದ್ದ, ಕೈ ಚುರುಕು, ಏನೋ ಎತ್ತರ ಮಾತ್ರ ಸ್ವಲ್ಪ ಕಮ್ಮಿ... ಯಾಕೋ ಪೇಂಟರ್, ಕೆಮ್ಮು ಬಂತಾ? ನೀರು ಕುಡಿ. ಹಾಂ, ಎಲ್ಲಾ ಚೆನ್ನಾಗಿತ್ತು, ಒಂದೇ ಒಂದು ರೋಗ ಇತ್ತು ಅವನಿಗೆ. ಮರೆವು. ಇಂಜಿನ್ನಿನ ಮೇಲೆ ಇಟ್ಟ ಸಾಮಾನನ್ನ ಅಲ್ಲೇ ಬಿಟ್ಟು ಬಾನೆಟ್ ಮುಚ್ಚಿಬಿಡೋನು. ಮೊದಲನೇ ಗ್ಯಾರೇಜಲ್ಲಿ ಒರೆಸೋ ಬಟ್ಟೆ ಬಿಟ್ಟ, ಅದು ಹೊಗೆ ಹಾಕಿತು, ಕೆಲಸ ಹೋಯ್ತು. ಎರಡನೇ ಕಡೆ ಸುತ್ತಿಗೆ ಬಿಟ್ಟ. ಸುತ್ತಿಗೆ! ಸಣ್ಣ ಸಾಮಾನಲ್ಲ ಅದು, ಮರೀಬೇಕು ಅಂದ್ರೆ ಪ್ರಯತ್ನ ಪಡ್ಬೇಕು. ಅಲ್ಲೂ ಹೋಯ್ತು. ಮದುವೆ ಬೇರೆ ಆಗಿತ್ತು ಅವನಿಗೆ. ಮಾವನದ್ದು ಹಿಟ್ಟಿನ ಗಿರಣಿ. ಮೂರನೇ ಕಡೆನೂ ಕೆಲಸ ಕಳ್ಕೊಂಡ್ರೆ ಅಳಿಯಂದ್ರು ನಮ್ಮ ಗಿರಣೀಲಿ ಮೂಟೆ ಹೊರ್ಲಿ ಅಂತ ಅವರ ಮನೆಯವರು ಮಾತಾಡ್ಕೊಂಡು ಬಿಟ್ಟಿದ್ರು. ಮೂಟೆ ಎಷ್ಟಿತ್ತೋ ಅವನೂ ಅಷ್ಟೇ ಇದ್ದ. ಹೇಗಿರ್ತಿತ್ತು ನೋಡೋಕೆ? ಹೊರಗಿನವರಿಗೆ ಯಾರು ಯಾರನ್ನ ಹೊತ್ಕೊಂಡು ಹೋಗ್ತಿದಾರೆ ಅಂತಾನೇ ಗೊತ್ತಾಗ್ತಿರ್ಲಿಲ್ಲ.

"ಅಂಥೋನಿಗೆ ಮೂರನೇ ಕಡೆ ಕೆಲಸ ಸಿಕ್ತು. ಧಣಿ ಹೇಳಿದ, ವಾರದೊಳಗೆ ನಿನ್ನ ಸಾಮಾನು ನೀನು ತಂದ್ರೆ ಇರು, ಇಲ್ಲಾಂದ್ರೆ ನಡಿ ಅಂತ. ಆಗ ಗೊತ್ತಾಯ್ತು ಅವನಿಗೆ, ಪಕ್ಕದ ಬೀದೀಲಿ ಒಬ್ಬ ಮೇಸ್ತ್ರಿ ತೀರ್ಕೊಂಡಿದಾರೆ, ಅವರ ಹೆಂಡತಿ ಬಾಕ್ಸ್ ಮಾರ್ತಾ ಇದಾರೆ ಅಂತ. ಆ ಮೇಸ್ತ್ರಿನ ಜನ ಎಣಿಕೆ ಮೇಸ್ತ್ರಿ ಅಂತಿದ್ರು. ಯಾಕೆ ಗೊತ್ತಾ? ಯಾವ ಗಾಡಿ ಆಗ್ಲಿ, ಕೆಲಸ ಮುಗಿದ ಮೇಲೆ ಒಂದು ಸಣ್ಣ ಸ್ಕ್ರೂಡ್ರೈವರ್ ತಗೊಂಡು, ಅದರ ಹಿಂಬದಿಯಿಂದ ಬಾಕ್ಸಿನಲ್ಲಿದ್ದ ಒಂದೊಂದು ಸಾಮಾನಿಗೂ ಟಿಣ್... ಟಿಣ್... ಅಂತ ತಟ್ಟಿ ಎಣಿಸೋರು. ಇಪ್ಪತ್ತಮೂರು ಆಗ್ಬೇಕು. ಆದ್ರೇನೇ ಬಾನೆಟ್ ಮುಚ್ಚೋದು. ಮಂತ್ರಿ ಕಾರಾದ್ರೂ ಅಷ್ಟೆ, ಮದುವೆ ಗಾಡಿ ಆದ್ರೂ ಅಷ್ಟೆ. ಮತ್ತೆ ಸಂಜೆ ಆರಕ್ಕೆ ಸರಿಯಾಗಿ ಮನೇಲಿ ಇನ್ನೊಂದು ಸಲ. ಮೂವತ್ತು ವರ್ಷ ಹೀಗೇ. ಅಂಥ ಮನುಷ್ಯ ಒಂದು ದಿನ ಎಣಿಸಿದ್ರೆ... ಇಪ್ಪತ್ತೆರಡು.

"ಹನ್ನೆರಡನೇ ನಂಬರ್ ಇಲ್ಲ. ಅಷ್ಟೇ, ಅನ್ನ ನೀರು ಸೇರ್ಲಿಲ್ಲ ಅವರಿಗೆ. ನಾಲ್ಕು ತಿಂಗಳು ಕಂಡ ಕಂಡ ಗಾಡಿ ನಿಲ್ಲಿಸಿ ಬಾನೆಟ್ ತೆಗೆಸಿ ಹುಡುಕಿದ್ರು. ಕೊನೆಗೆ ಜ್ವರ ಬಂದು ಮಲಗಿದೋರು ಏಳ್ಲೇ ಇಲ್ಲ. ಪ್ರಾಣ ಹೋಗೋ ಹೊತ್ತಿಗೂ ಬಾಯಲ್ಲಿ ಇಪ್ಪತ್ತೆರಡು, ಇಪ್ಪತ್ತೆರಡು. ಲಾಟರಿ ನಂಬರ್ ಹೇಳ್ತಿದಾರೆ ಅಂತ ಸುತ್ತ ನಿಂತಿದ್ದ ನೆಂಟರೆಲ್ಲ ಬರ್ಕೊಂಡ್ರಂತೆ."

ಡ್ರೈವರ್ ನಕ್ಕ. ಹೊಸಬಳು ಬಾಕ್ಸಿನಿಂದ ಒಂದು ಪ್ಲೇಯರ್ ಎತ್ತಿ ತಿರುಗಿಸಿ ನೋಡಿದಳು. ಹಿಡಿಯ ತುದಿಯಲ್ಲಿ ಅರದಿಂದ ಉಜ್ಜಿದ ಎರಡು ಸಣ್ಣ ಗೀರುಗಳಿದ್ದವು. ಏಕೋ ಏನೋ, ಅದನ್ನು ಬೇಗ ಅದರ ಗೂಡಿಗೇ ಇಟ್ಟಳು.

"ನೋಡಿದ್ಯಾ ಗೀರು? ಅವರ ಗುರುತು ಅದು. ಇಪ್ಪತ್ತಮೂರರ ಮೇಲೂ ಇದೆ. ಇವನು ಹೋದ, ನೋಡ್ದ, ಸಾಮಾನೆಲ್ಲ ಥಳಥಳ ಅಂತಿತ್ತು. ಆ ಅಮ್ಮ ಚೌಕಾಸಿನೇ ಮಾಡ್ಲಿಲ್ಲ. 'ಒಂದು ಇಲ್ಲ, ಗೊತ್ತಿರ್ಲಿ' ಅಂದ್ರು, ಅಂದೋರು ಯಾಕೋ ಅಡುಗೆಮನೆ ಕಡೆ ನೋಡಿದ್ರು. ಇವನು ತಂದ. ಗ್ಯಾರೇಜಲ್ಲಿ ಇಟ್ಟ. ಸಂಜೆ ಆರಾಯ್ತು... ಕೈ ತೊಳೀತಾ ಇದಾನೆ... ಮುಚ್ಚಿದ ಬಾಕ್ಸಿನ ಒಳಗಿಂದ... ಟಿಣ್.

"ಇಲಿ ಅಂದ್ಕೊಂಡ. ಟಿಣ್. ಟಿಣ್. ಇಲಿಗೆ ಎಣಿಸೋಕೆ ಬರತ್ತಾ? ಇಪ್ಪತ್ತೆರಡು ಸಲ ಆಯ್ತು, ನಿಂತಿತು. ಯಾರೋ ಉಸಿರು ಬಿಗಿ ಹಿಡ್ಕೊಂಡಿರೋ ಹಾಗೆ ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ ಮೊದಲಿಂದ ಟಿಣ್, ಟಿಣ್... ಮೂರು ಸಲ ಹೀಗೆ ಎಣಿಸಿ, ಆಮೇಲೆ ಒಂದು ನಿಟ್ಟುಸಿರು. ಇವನ ಕಾಲಿಗೆ ರೆಕ್ಕೆ ಬಂತು ನೋಡಿ, ಸೋಪು ಹತ್ತಿದ ಕೈಯಲ್ಲೇ ಮನೆ ಸೇರ್ದ.

"ಮಾರನೇ ದಿನ ಬಾಕ್ಸ್ ಬಿಟ್ಟುಬಿಡೋಣ ಅಂದ್ರೆ ಗಿರಣಿ ಕಣ್ಮುಂದೆ ಬಂತು. ದೆವ್ವಾನಾ, ಮಾವನಾ? ನೀವೇ ಹೇಳಿ. ದೆವ್ವಾನೇ ವಾಸಿ ಅಂತ ಕೆಲಸ ಶುರು ಮಾಡ್ದ. ಒಂದು ಗಾಡಿ ಮುಗೀತು, ಎಣಿಸ್ದೇ ಬಾನೆಟ್ ಎಳೆದ. ಬರ್ಲಿಲ್ಲ! ಮೇಲಿಂದ ಯಾರೋ ಹಿಡ್ಕೊಂಡ ಹಾಗೆ. ಜೋತುಬಿದ್ದ, ಕಾಲು ನೆಲ ಬಿಟ್ಟಿತು, ಬಾನೆಟ್ ಮಾತ್ರ ಅಲ್ಲಾಡ್ಲಿಲ್ಲ. ಕೊನೆಗೆ ಬಾಕ್ಸ್ ನೋಡ್ತಾನೆ, ಹದಿನಾಲ್ಕನೇ ನಂಬರ್ ಇಲ್ಲ. ಎಲ್ಲಿದೆ? ಇಂಜಿನ್ ಮೇಲೆ ಮಲಗಿದೆ. ತೆಗೆದು ಗೂಡಿಗೆ ಇಟ್ಟ, ಬಾನೆಟ್ ಬೆಣ್ಣೆ ಹಾಗೆ ಇಳೀತು. ಅವತ್ತಿಂದ ಅವನ ಕೈಯಿಂದ ಒಂದು ಸಾಮಾನೂ ಗಾಡೀಲಿ ಉಳೀಲಿಲ್ಲ. ಧಣಿ ಬೆನ್ನು ತಟ್ಟಿದ.

"ಇಷ್ಟೇ ಆಗಿದ್ರೆ ಸುಖವಾಗಿರ್ತಿತ್ತು. ಆದ್ರೆ ದೆವ್ವಕ್ಕೆ ಹನ್ನೆರಡನೇ ನಂಬರ್ ಬೇಕಲ್ಲ! ಬಾಕ್ಸ್ ಹಿಡ್ಕೊಂಡು ರಸ್ತೇಲಿ ನಡೀತಿದ್ರೆ ಹಗ್ಗ ಬಿಚ್ಚಿದ ಕರು ಹಾಗೆ ಎಳೆಯೋದು, ನಿಂತಿರೋ ಗಾಡಿಗಳ ಕಡೆ. ಎಳ್ಕೊಂಡು ಹೋಗಿ ಬಾನೆಟ್ ಮುಂದೆ ನಿಲ್ಸೋದು. ಒಳಗೆ ಕೂತೋರು ಏನು ಅಂತ ಕೇಳ್ತಾರೆ. ಏನಂತ ಹೇಳ್ತಾನೆ ಪಾಪ? 'ಸ್ವಲ್ಪ ಬಾನೆಟ್ ತೆಗೀತೀರಾ, ಒಂದು ಸ್ಪ್ಯಾನರ್ ಇರ್ಬೋದು' ಅನ್ನೋನು. ಒಂದು ಸಲ ಡಾಕ್ಟರ ಕಾರು, ಇನ್ನೊಂದು ಸಲ ಪೊಲೀಸ್ ಜೀಪು. ಜೀಪಿನವರು ಅವನನ್ನೂ ಬಾಕ್ಸನ್ನೂ ಒಟ್ಟಿಗೆ ಕೂರಿಸ್ಕೊಂಡು ಹೋಗಿ ಮಧ್ಯಾಹ್ನದವರೆಗೆ ಸ್ಟೇಷನ್ನಲ್ಲಿ ಇಟ್ಕೊಂಡ್ರು. ಎರಡು ವಾರದಲ್ಲಿ ಅವನಿಗೆ ಹುಚ್ಚು ಅಂತ ಬೀದಿಗೆಲ್ಲ ಗೊತ್ತಾಯ್ತು. ಧಣಿ ಕರೆದು ಹೇಳ್ದ: 'ಇನ್ನೊಬ್ಬರ ಬಾನೆಟ್ಟಿಗೆ ಇನ್ನೊಂದು ಸಲ ಕೈ ಹಾಕಿದ್ರೆ ನೀನು ನೆಟ್ಟಗೆ ಗಿರಣಿಗೆ ಹೋಗ್ಬೋದು.' ಗಿರಣಿ ವಿಷಯ ಧಣಿಗೂ ಗೊತ್ತಾಗಿಬಿಟ್ಟಿತ್ತು!

"ಸಾಕಪ್ಪ ಸಾಕು ಅಂತ ಬಾಕ್ಸ್ ವಾಪಸ್ ಕೊಡೋಕೆ ಆ ಅಮ್ಮನ ಮನೆಗೆ ಹೋದ. 'ಅಮ್ಮ, ನಿಮ್ಮ ಯಜಮಾನ್ರು ಇದರೊಳಗೇ ಇದಾರೆ' ಅಂದ. ಆ ಅಮ್ಮ ಹೆದರ್ಲೂ ಇಲ್ಲ, ಬೈಯ್ಲೂ ಇಲ್ಲ. 'ಒಳಗೆ ಬಾಪ್ಪ, ನೀರು ಕುಡಿ' ಅಂದ್ರು. ಅಡುಗೆಮನೆಗೆ ಹೋದ. ನಲ್ಲಿ ಕೆಳಗೆ ಲೋಟ ಹಿಡ್ದ. ನಲ್ಲಿಗೆ ಹಿಡಿಯೇ ಇಲ್ಲ, ಮುರಿದುಹೋಗಿದೆ. ಹಿಡಿ ಬದಲು ಅದರ ತಲೆಗೆ ಕಚ್ಚಿಸಿರೋದು ಏನು...? ಒಂದು ಸ್ಪ್ಯಾನರ್. ಹನ್ನೆರಡನೇ ನಂಬರ್. ತುದೀಲಿ ಎರಡು ಗೀರು."

ಹೊಸಬಳು ತಟ್ಟನೆ ಮೇಸ್ತ್ರಿಗಳ ಮುಖ ನೋಡಿದಳು. ನಿನ್ನೆ ಸಂಜೆ ಮೇಸ್ತ್ರಿಗಳ ಮನೆಯಲ್ಲಿ ಚಹಾ ಕುಡಿದು, ಬೇಡ ಬೇಡವೆಂದರೂ ಕೇಳದೆ ಲೋಟ ತೊಳೆಯಲು ಅವಳು ಅಡುಗೆಮನೆಗೆ ಹೋಗಿದ್ದಳು. ಅಲ್ಲಿಯ ನಲ್ಲಿಗೂ ಹಿಡಿ ಇರಲಿಲ್ಲ. ಅದರ ತಲೆಗೆ ಕಚ್ಚಿಸಿದ್ದ ಕಬ್ಬಿಣವನ್ನು ತಿರುಗಿಸಿಯೇ ಅವಳು ನೀರು ಬಿಟ್ಟುಕೊಂಡಿದ್ದಳು. ಅದು ಏನೆಂದು ನೋಡಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಜ್ಜಿ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಆ ಅಮ್ಮ ಹೇಳಿದ್ರು," ಮೇಸ್ತ್ರಿಗಳು ದನಿ ತಗ್ಗಿಸಿದರು. ಮಳೆಯೂ ಈಗ ತಗ್ಗಿತ್ತು. "'ನಲ್ಲಿ ಕೆಟ್ಟು ಎರಡು ವರ್ಷ ಆಗಿತ್ತಪ್ಪ. ಊರಿನ ಗಾಡಿ ಎಲ್ಲ ರಿಪೇರಿ ಮಾಡೋರು, ಮನೆ ನಲ್ಲಿ ಕೇಳಿದ್ರೆ ಮಾತ್ರ ನಾಳೆ ಅನ್ನೋರು. ಒಂದಿನ ಸಿಟ್ಟು ಬಂತು. ಬಾಕ್ಸಿಂದ ಇದನ್ನ ತೆಗೆದು ನಲ್ಲಿಗೆ ಹಾಕ್ದೆ. ನಲ್ಲಿ ಸರಿ ಮಾಡಿದ ದಿನ ಕೊಡೋಣ, ಅಲ್ಲೀತನಕ ಹುಡುಕ್ಲಿ ಅಂತ. ದಿನಾ ಬರೋರು, ಇದನ್ನೇ ತಿರುಗಿಸಿ ನೀರು ಹಿಡ್ಕೊಂಡು ಕುಡಿಯೋರು, ಲೋಟ ಇಟ್ಟು ಸ್ಪ್ಯಾನರ್ ಹುಡುಕೋಕೆ ಹೋಗೋರು! ನಗು ತಡೆಯೋಕೆ ಆಗ್ತಿರ್ಲಿಲ್ಲ ನಂಗೆ. ಹೇಳೋಣ ಅನ್ನೋ ಹೊತ್ತಿಗೆ ಜ್ವರ ಬಂತು. ಈಗ ಹೇಳಿದ್ರೆ ಎದ್ದು ಬಂದು ಜಗಳ ಆಡ್ತಾರೆ, ಜ್ವರ ಇಳೀಲಿ ಆಮೇಲೆ ಹೇಳೋಣ ಅಂತ ಸುಮ್ಮನಾದೆ. ಇಳೀಲೇ ಇಲ್ಲ.' ಅಷ್ಟು ಹೇಳಿ ಆ ಅಮ್ಮ ಅತ್ತುಬಿಟ್ರು. ಇವನು ಏನು ಮಾಡ್ತಾನೆ? ಅಂಗಡಿಗೆ ಓಡಿ ಹೋಗಿ ಒಂದು ನಲ್ಲಿ ಹಿಡಿ ತಂದ, ಹಾಕಿಕೊಟ್ಟ, ಸ್ಪ್ಯಾನರ್ ಇಸ್ಕೊಂಡ.

"ಅವತ್ತು ಸಂಜೆ ಆರಕ್ಕೆ ಬಾಕ್ಸ್ ಮುಂದೆ ಕೈ ಕಟ್ಕೊಂಡು ನಿಂತ. ಟಿಣ್... ಟಿಣ್... ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು... ತಡೀತು. ಆಮೇಲೆ ನಿಧಾನಕ್ಕೆ, ಮಗು ಕೆನ್ನೆ ತಟ್ಟಿದ ಹಾಗೆ... ಟಿಣ್. ಇಪ್ಪತ್ತಮೂರು. ಮುಚ್ಚಳ ತಾನಾಗೇ ಮುಚ್ಕೊಳ್ತು. ಮುಗೀತು. ಮಾರನೇ ದಿನ ಆರಕ್ಕೆ ಸದ್ದಿಲ್ಲ. ಅದರ ಮಾರನೇ ದಿನಾನೂ ಇಲ್ಲ. ದೆವ್ವ ಬಿಡುಗಡೆ, ಇವನೂ ಬಿಡುಗಡೆ.

"ಕತೆ ಮುಗೀತು ಅಂದ್ಕೊಂಡ್ರಾ? ನಾಲ್ಕನೇ ದಿನ ಒಬ್ಬರು ಕಾರು ತಗೊಂಡು ಹೋದೋರು ಎರಡು ಬೀದಿ ದಾಟೋದ್ರೊಳಗೆ ನಡ್ಕೊಂಡು ವಾಪಸ್ ಬಂದ್ರು. ಕೈಯಲ್ಲಿ ಒಂದು ಪ್ಲೇಯರ್. 'ಇದು ನಿಮ್ಮದಾ?' ಅಂದ್ರು. ಬೆಲ್ಟ್ ತುಂಡು ತುಂಡು, ರೇಡಿಯೇಟರ್ ತೂತು. ಎಣಿಸೋದು ಮರೆತುಬಿಟ್ಟಿದ್ದ ನೋಡಿ! ಹಿಡಿದು ನಿಲ್ಸೋರು ಯಾರೂ ಇರ್ಲಿಲ್ಲ, ಬಾನೆಟ್ ಸಲೀಸಾಗಿ ಮುಚ್ಕೊಂಡಿತ್ತು. ಧಣಿ ಬಾಯಿಗೆ ಬಂದ ಹಾಗೆ ಬೈದ. ಇನ್ನೊಂದು ತಪ್ಪು ಆದ್ರೆ ಮುಖ ತೋರಿಸ್ಬೇಡ ಅಂದ. ಅವನು ಅಲ್ಲೇ ಕೂತ. ದೆವ್ವ ಇದ್ದಾಗ ಮಾನ ಹೋಯ್ತು, ದೆವ್ವ ಹೋದ ಮೇಲೆ ಕೆಲಸಾನೇ ಹೋಗೋ ಹಾಗಾಯ್ತಲ್ಲ ಅಂತ ನನ್ನ ಕಣ್ಣಲ್ಲಿ ನೀರು ಬಂತು."

"ಯಾರ ಕಣ್ಣಲ್ಲಿ?" ಎಂದ ಪೇಂಟರ್.

"ಅವನ ಕಣ್ಣಲ್ಲಿ. ಮಧ್ಯ ಬಾಯಿ ಹಾಕ್ಬೇಡ." ಮೇಸ್ತ್ರಿಗಳು ಬೀಡಿಯನ್ನು ನೆಲಕ್ಕೆ ಹೊಸಕಿದರು. "ಹನ್ನೆರಡನೇ ನಂಬರ್ ಜೇಬಲ್ಲಿ ಹಾಕ್ಕೊಂಡು ಆ ಅಮ್ಮನ ಮನೆಗೆ ಹೋದ. ಬಾಯಿ ಬಿಡೋ ಮೊದಲೇ ಅವರೇ ಕೇಳಿದ್ರು, 'ನಿಂತ್ಹೋಯ್ತಲ್ಲಪ್ಪಾ?' ಅಂತ. ನಿಮಗೆ ಹೇಗೆ ಗೊತ್ತು ಅಂದ. ಆಗ ತಿಳೀತು ನೋಡಿ. ಆ ಎರಡು ವಾರಾನೂ, ದಿನಾ ಸಂಜೆ, ಗ್ಯಾರೇಜ್ ಗೋಡೆ ಪಕ್ಕ ತಲೆ ತುಂಬ ಸೆರಗು ಹೊದ್ದು, ಕೈಚೀಲ ಹಿಡ್ಕೊಂಡು ಒಬ್ಬರು ಹೆಂಗಸು ನಿಂತಿರೋರು. ಬಸ್ಸಿಗೆ ಕಾಯ್ತಿದಾರೆ ಅಂದ್ಕೊಂಡಿದ್ದ ಇವನು. ಆ ರಸ್ತೇಲಿ ಬಸ್ಸೇ ಬರಲ್ಲ! ಅವರೇ ಈ ಅಮ್ಮ. 'ಮೂವತ್ತು ವರ್ಷ ಆ ಸದ್ದು ಕೇಳಿದ ಮೇಲೇ ನಾನು ಒಲೆ ಹಚ್ಚಿದ್ದು. ಈಗ ಮನೇಲಿ ಎಷ್ಟೊತ್ತಾಯ್ತು ಅಂತಾನೇ ತಿಳಿಯಲ್ಲ' ಅಂದ್ರು.

"'ಹೋದೋರು ವಾಪಸ್ ಬರ್ತಾರಾ ಅಮ್ಮ?' ಅಂತ ಕೇಳ್ದ. ಆ ಅಮ್ಮ ಅವನ ಕೈಯಿಂದ ಸ್ಪ್ಯಾನರ್ ಇಸ್ಕೊಂಡ್ರು. 'ಒಂದು ಕಮ್ಮಿ ಆಗ್ಲಿ ನೋಡು. ಸ್ವರ್ಗದಲ್ಲಿದ್ರೂ ಹೊರಟು ಬರೋಕೆ ಚಪ್ಪಲಿ ಹುಡುಕ್ತಾರೆ' ಅಂದ್ರು. ನೆಟ್ಟಗೆ ಅಡುಗೆಮನೆಗೆ ಹೋದ್ರು, ಒಲೆ ಪಕ್ಕದ ಕಲ್ಲು ಎತ್ಕೊಂಡ್ರು, ಇವನು ಹಾಕಿದ್ದ ಹೊಸ ಹಿಡಿಗೆ ಎರಡೇ ಏಟು. ಮುರಿದು ಬಿತ್ತು. ಸ್ಪ್ಯಾನರ್ ನಲ್ಲಿ ತಲೆಗೆ ಕಚ್ಚಿಸಿ, 'ಅಯ್ಯೋ, ನಲ್ಲಿ ಮತ್ತೆ ಕೆಟ್ಟೋಯ್ತಲ್ಲ' ಅಂದ್ರು. ಕಣ್ಣಲ್ಲಿ ನೀರು, ಮುಖ ತುಂಬ ನಗು.

"ಅವತ್ತು ಆರಕ್ಕೆ ಇಬ್ಬರೂ ಗ್ಯಾರೇಜಲ್ಲಿ ನಿಂತಿದ್ರು. ಮೊದಲು ಏನೂ ಇಲ್ಲ. ಆರೂ ಒಂದು... ಆರೂ ಎರಡು... ಆಮೇಲೆ ಯಾರೋ ದೂರದಿಂದ ಓಡಿ ಬಂದು ಏದುಸಿರು ಬಿಡೋ ಹಾಗೆ ಗಾಳಿ ಬೀಸಿತು... ಟಿಣ್."

ಅಷ್ಟರಲ್ಲಿ ಮಳೆ ನಿಂತೇಹೋಗಿತ್ತು. ಡ್ರೈವರ್ ಗಡಿಯಾರ ನೋಡಿ ಎದ್ದ. ಆರಕ್ಕೆ ಎರಡು ನಿಮಿಷ. "ಸ್ಪೆಷಲ್ ಕ್ಲಾಸ್ ಮುಗಿಸ್ಕೊಂಡು ಆರೂಕಾಲಿಗೆ ಮಕ್ಕಳು ಶಾಲೆ ಗೇಟಲ್ಲಿ ಕಾಯ್ತಿರ್ತಾರೆ, ನಾನು ಬರ್ತೀನಪ್ಪ" ಎಂದು ಕೀ ತಿರುಗಿಸುತ್ತ ಅಂಗಳಕ್ಕೆ ಹೋದ.

"ಆ ಅಮ್ಮ ಇದ್ದಷ್ಟು ದಿನ ಅದು ಅವರ ನಲ್ಲೀಲೇ ಇತ್ತು" ಎಂದರು ಮೇಸ್ತ್ರಿಗಳು. "ಎಲ್ಲಿದೆ ಅಂತ ದೆವ್ವಕ್ಕೂ ಗೊತ್ತಾಗಿತ್ತೋ ಏನೋ, ಮತ್ತೆ ರಸ್ತೇಲಿ ಎಳೀಲಿಲ್ಲ. ಹೋಗೋ ಮೊದಲು ಆ ಅಮ್ಮ ಅವನ ಹೆಂಡತೀನ ಕರೆದು ಕೈಗೆ ಕೊಟ್ರು. ಅವತ್ತಿಂದ ಅವನ ಮನೆ ನಲ್ಲಿ ಕೆಟ್ಟಿದೆ. ನಲವತ್ತು ವರ್ಷ ಆಯ್ತು, ಗಿರಣಿ ಬಾಗಿಲು ತುಳೀಲಿಲ್ಲ ಅವನು."

ಪೇಂಟರ್ ಚಪ್ಪಾಳೆ ತಟ್ಟಿದ. "ಒಂದು ಕಮ್ಮಿ ಇರೋ ಸೆಟ್ಟನ್ನ ಪೂರ್ತಿ ಸೆಟ್ಟು ಅಂತ ಮಾರೋಕೆ ಎಂಥ ಕತೆ ಕಟ್ಟಿದ್ರಿ ಮೇಸ್ತ್ರಿಗಳೇ! ಪಾಪ, ಈ ಹುಡುಗಿ ನಂಬೇಬಿಟ್ಳು" ಎಂದ. ಎಲ್ಲರೂ ನಕ್ಕರು. ಹೊಸಬಳೂ ಸ್ವಲ್ಪ ನಕ್ಕಳು. ಗಡಿಯಾರದ ಮುಳ್ಳು ಆರಕ್ಕೆ ಬಂತು.

ಟಿಣ್.

ಬಾಕ್ಸಿನ ಹತ್ತಿರ ಯಾರೂ ಇರಲಿಲ್ಲ. ಪೇಂಟರನ ಚಪ್ಪಾಳೆ ಅರ್ಧಕ್ಕೇ ನಿಂತಿತು. ಟಿಣ್, ಟಿಣ್ ಎಂದು ಸದ್ದು ಒಂದು ಗೂಡಿನಿಂದ ಇನ್ನೊಂದಕ್ಕೆ ಹೆಜ್ಜೆಯಿಡುತ್ತ ನಡೆಯಿತು. ಹೊಸಬಳು ತನಗೇ ಅರಿವಿಲ್ಲದೆ ಬೆರಳು ಮಡಿಸುತ್ತಿದ್ದಳು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಸದ್ದು ನಿಂತಿತು.

ಮತ್ತೆ ಬರಲಿಲ್ಲ.

ಮೇಸ್ತ್ರಿಗಳ ಮುಖದಲ್ಲಿದ್ದ ತಮಾಷೆಯೆಲ್ಲ ಇಳಿದುಹೋಯಿತು. "ಇಪ್ಪತ್ತೆರಡು ಆಗ್ಬೇಕಿತ್ತಲ್ಲ" ಎಂದರು. "ಮಗಳೇ, ಇವತ್ತು ಯಾವ ಬಾನೆಟ್ ಮುಚ್ಚಿದೆ?"

ಹೊಸಬಳು ಹಲಗೆಯತ್ತ ಬಗ್ಗಿದಳು. ಮಧ್ಯಾಹ್ನದಿಂದ ಅವಳು ಹನ್ನೆರಡನೇ ನಂಬರಿನ ಖಾಲಿ ಗೂಡನ್ನೇ ನೋಡುತ್ತ ಕೂತಿದ್ದಳು. ಅದರ ಎರಡು ಗೂಡು ಆಚೆ ಹತ್ತನೇ ನಂಬರಿನ ಗೂಡೂ ಖಾಲಿಯಿತ್ತು. ಬ್ಯಾಟರಿಯ ಬೋಲ್ಟು ಬಿಗಿ ಮಾಡಿದ್ದು ಅದರಲ್ಲೇ.

ಅಂಗಳದಲ್ಲಿ ವ್ಯಾನು ಶುರುವಾದ ಸದ್ದು ಕೇಳಿತು. ಅವಳು ಓಡಿದಳು. ಕೆಸರಿನಲ್ಲಿ ಒಂದು ಚಪ್ಪಲಿ ಹೋಯಿತು, ಅದನ್ನು ನೋಡಲಿಲ್ಲ. ಗೇಟು ದಾಟುತ್ತಿದ್ದ ವ್ಯಾನಿನ ಮುಂದೆ ಹೋಗಿ ಎರಡೂ ಕೈ ಚಾಚಿ ನಿಂತುಬಿಟ್ಟಳು. "ಆಫ್ ಮಾಡಿ! ಆಫ್ ಮಾಡಿ ಅಣ್ಣ!" ಡ್ರೈವರ್ ಬ್ರೇಕ್ ಒತ್ತಿ ಬೈಯುತ್ತ ಇಳಿದ. ಬಾನೆಟ್ಟು ಎತ್ತಿದ ಮೇಲೆ ಬೈಯುವುದನ್ನು ಬಿಟ್ಟು ಬಗ್ಗಿ ನೋಡಿದ. ಬ್ಯಾಟರಿಯ ಅಂಚಿನಲ್ಲಿ ಸ್ಪ್ಯಾನರು ಹೇಗೋ ಸಿಕ್ಕಿಕೊಂಡು ನಿಂತಿತ್ತು. ಒಂದು ಕಡೆ ಬೆರಳಗಲದಲ್ಲಿ, ತಾಗಿದರೆ ಕಿಡಿ ಹಾರುವ ಬ್ಯಾಟರಿಯ ಟರ್ಮಿನಲ್ಲು, ಇನ್ನೊಂದು ಕಡೆ ಬೆಲ್ಟು. ರಸ್ತೆಯ ಮೊದಲ ಗುಂಡಿಯಲ್ಲೇ ಅದು ಎತ್ತಲಾದರೂ ಜಾರುತ್ತಿತ್ತು, ಮತ್ತು ಹತ್ತು ನಿಮಿಷದಲ್ಲಿ ಆ ವ್ಯಾನಿನ ತುಂಬ ಮಕ್ಕಳಿರುತ್ತಿದ್ದರು. ಅವಳು ಅದನ್ನು ತೆಗೆದು ಎದೆಗವಚಿಕೊಂಡಳು.

"ಒಂದ್ಸಲ ನೋಡ್ಬೇಕು ಅನ್ನಿಸ್ತು ಅಣ್ಣ, ಅಷ್ಟೆ" ಎಂದಳು. "ಈಗ ಹೋಗಿ ಬನ್ನಿ."

ಅವಳು ಒಳಗೆ ಬಂದಾಗ ಯಾರೂ ಕೂತಲ್ಲಿಂದ ಅಲುಗಿರಲಿಲ್ಲ. ಪೇಂಟರ್ ಮಾತ್ರ ಬಾಗಿಲ ಹತ್ತಿರ ಹೋಗಿ ನಿಂತಿದ್ದ, "ಮಳೆ ನಿಂತಿತಾ ನೋಡೋಕೆ" ಎಂದು ಯಾರೂ ಕೇಳದಿದ್ದರೂ ಹೇಳಿದ. ಹೊಸಬಳು ಹತ್ತನೇ ನಂಬರನ್ನು ಒರೆಸಿ ಅದರ ಗೂಡಿನಲ್ಲಿ ಮಲಗಿಸಿದಳು. ತಕ್ಷಣ ಸದ್ದು ಮೊದಲಿನಿಂದ ಹೊರಟಿತು. ಇಪ್ಪತ್ತೊಂದರಲ್ಲಿ ಯಾರೂ ಉಸಿರಾಡಲಿಲ್ಲ. ಟಿಣ್. ಇಪ್ಪತ್ತೆರಡು. ಆಮೇಲೆ ಹನ್ನೆರಡನೇ ನಂಬರಿನ ಖಾಲಿ ಗೂಡಿನ ಮೇಲೆ ಒಂದು ದೀರ್ಘ ನಿಟ್ಟುಸಿರು ಹಾದುಹೋಯಿತು. ಅವಳ ಹಣೆಯ ಕೂದಲು ಅಲುಗಿತು.

"ಅಜ್ಜ," ಎಂದಳು ಅವಳು, ಬಾಕ್ಸಿನ ಮುಚ್ಚಳ ಹಾಕುತ್ತ. "ಹನ್ನೆರಡನೇದು ಅಜ್ಜಿ ಹತ್ರಾನೇ ಇರ್ಲಿ. ನಲ್ಲಿ ರಿಪೇರಿ ಮಾಡ್ಬೇಡಿ."

"ನಾನೂ ಅವಳಿಗೆ ಅದನ್ನೇ ಹೇಳಿದೀನಿ. ನಾನು ಹೋದ ಮೇಲೂ ಯಾರಿಗೂ ಕೊಡ್ಬೇಡ, ಈ ಹುಡುಗಿಗೂ ಕೊಡ್ಬೇಡ ಅಂತ." ಮೇಸ್ತ್ರಿಗಳು ಎದ್ದು ಕೊಡೆ ಹುಡುಕಿಕೊಂಡರು. ಮುಖಕ್ಕೆ ತಮಾಷೆ ಮರಳಿತ್ತು, ಕಣ್ಣಿಗೆ ಮಾತ್ರ ಮರಳಿರಲಿಲ್ಲ. "ಪಾಪ, ಅವರೊಬ್ಬರೇ ಎಷ್ಟು ವರ್ಷ ಅಂತ ಎಣಿಸ್ತಾರೆ ಮಗಳೇ? ವಯಸ್ಸಾಯ್ತು ಅವರಿಗೂ, ಈಗೀಗ ಬಾನೆಟ್ ಹಿಡಿದು ನಿಲ್ಸೋ ಶಕ್ತಿ ಇಲ್ಲ. ಮುಂದೆ ಒಂದು ದಿನ, ಆರು ಗಂಟೆಗೆ, ಒಂದೊಂದು ಟಿಣ್ಣೂ ನಿಂಗೆ ಎರಡೆರಡು ಸಲ ಕೇಳತ್ತೆ... ಒಂದು ಮೇಲಿಂದ... ಇನ್ನೊಂದು ಸ್ವಲ್ಪ ಕೆಳಗಿಂದ. ಹೆದರ್ಬೇಡ."

ಬಾಗಿಲ ತನಕ ಹೋದವರು ತಿರುಗಿ ನಿಂತು, ಬೆಂಚಿನ ಪಕ್ಕದತ್ತ ಬೆರಳು ತೋರಿಸಿದರು.

"ಆ ಸ್ಟೂಲ್ ಮಾತ್ರ ಅಲ್ಲೇ ಬಿಟ್ಟಿರು."